ನೀರು ನಿಂತ ಗದ್ದೆಯಿಂದ ಭೂಮಿ ಬಿಸಿಯಾಗುತ್ತದೆಯೇ?

ಪ್ರಶ್ನೆ: ಗಂಗಾವತಿ ಹತ್ತಿರ ನಾಲ್ಕು ಎಕರೆಯಲ್ಲಿ ಭತ್ತ ಬೆಳೆಯುತ್ತೇನೆ. ಕಾಲುವೆ ನೀರು. ಬೆಂಗಳೂರಿನಲ್ಲಿ ಓದುವ ಮಗ ಹಬ್ಬಕ್ಕೆ ಬಂದಾಗ, ‘ಅಪ್ಪಾ, ಗದ್ದೆಯಲ್ಲಿ ನೀರು ನಿಲ್ಲಿಸಿದರೂ ಭೂಮಿ ಬಿಸಿಯಾಗುತ್ತೆ’ ಅಂದ. ಹೊಗೆ ಉಗುಳುವವರನ್ನು ಬಿಟ್ಟು ನಮ್ಮ ಮೇಲೇಕೆ? ಇದು ನಿಜವೇ?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ನಿಮ್ಮ ಸಿಟ್ಟೂ ನ್ಯಾಯವೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲಿನ ಪಾಲೇ ದೊಡ್ಡದು. ಆದರೆ ಮೀಥೇನ್ ಅನಿಲದ ಮಾತು ಬಂದಾಗ ಭತ್ತವನ್ನು ಲೆಕ್ಕದಿಂದ ಬಿಡಲಾಗದು. ಜಗತ್ತಿನಲ್ಲಿ ಮನುಷ್ಯರಿಂದಾಗಿ ಗಾಳಿ ಸೇರುವ ಮೀಥೇನ್‌ನಲ್ಲಿ ಸುಮಾರು ಶೇ 8ರಿಂದ 10ರಷ್ಟು ಭತ್ತದ ಗದ್ದೆಗಳದ್ದು. 100 ವರ್ಷದ ಲೆಕ್ಕದಲ್ಲಿ ಒಂದು ಕಿಲೊ ಮೀಥೇನ್ ಸುಮಾರು 27 ಕಿಲೊ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ.

ನಾಟಿಯಾಗಿ ತಿಂಗಳಾದ ಗದ್ದೆಗೆ ಕಾಲಿಟ್ಟರೆ ಕೆಸರಿನಿಂದ ಗುಳುಗುಳು ಗುಳ್ಳೆ ಏಳುತ್ತವಲ್ಲ, ಅದರಲ್ಲಿ ಇರುವುದು ಇದೇ ಅನಿಲ. (ಕೊಳೆತ ಮೊಟ್ಟೆಯಂಥ ನಾತ ಬಂದರೆ ಅದು ಬೇರೆಯದರದ್ದು, ಮೀಥೇನಿಗೆ ವಾಸನೆಯಿಲ್ಲ.) ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಬೇರು, ಕೂಳೆ, ಹಸಿ ಗೊಬ್ಬರವನ್ನು ಕೊಳೆಸುತ್ತ ಮೀಥೇನ್ ಹುಟ್ಟಿಸುತ್ತವೆ. ಅದರ ಬಹುಪಾಲು ಭತ್ತದ ಗಿಡದೊಳಗಿನ ಟೊಳ್ಳು ದಾರಿಯಿಂದಲೇ ಮೇಲೆ ಬರುತ್ತದೆ. ನಡುನಡುವೆ ಗದ್ದೆ ಆರಿ ಮಣ್ಣಿಗೆ ಗಾಳಿಯಾಡಿದರೆ ಆ ಜೀವಿಗಳ ಆಟ ನಿಲ್ಲುತ್ತದೆ.

ಹೀಗೆ ಗದ್ದೆಯನ್ನು ಒಮ್ಮೆ ನೆನೆಸಿ ಒಮ್ಮೆ ಆರಿಸುವುದಕ್ಕೆ ‘ಬದಲಿ ಹಸಿ–ಒಣ ಪದ್ಧತಿ’ ಎನ್ನುತ್ತಾರೆ. ಅದರ ಹುರುಳು ಇಷ್ಟೇ. ಒಂದು ಅಡಿ ಉದ್ದದ ಪಿವಿಸಿ ಪೈಪಿಗೆ ಕೆಳಗಿನ ಎಂಟು ಇಂಚಿನಲ್ಲಿ ತೂತು ಕೊರೆದು, ಅಷ್ಟನ್ನು ಮಣ್ಣಿನಲ್ಲಿ ಹೂತು, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾದ ಮೊದಲ ಎರಡು ವಾರ ನೀರು ನಿಲ್ಲಿಸಿ, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಆಮೇಲೆ ಪೈಪಿನೊಳಗಿನ ನೀರು ನೆಲಮಟ್ಟದಿಂದ ಅರ್ಧ ಅಡಿ ಇಳಿದಾಗ ಮಾತ್ರ ಮತ್ತೆ ಎರಡು ಇಂಚು ನಿಲ್ಲುವಂತೆ ಹಾಯಿಸಿ. ಹೂ ಬಿಡುವ ವಾರ, ಅದರ ಹಿಂದುಮುಂದಿನ ವಾರ ಮಾತ್ರ ಒಣಗಿಸಲೇಬೇಡಿ, ಕಾಳು ಜೊಳ್ಳಾದೀತು. ಸರಿಯಾಗಿ ಮಾಡಿದರೆ ಮೀಥೇನ್ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ತಗ್ಗುತ್ತದೆ, ನೀರೂ ಉಳಿಯುತ್ತದೆ.

ಯೂರಿಯಾದಲ್ಲಿ ಕೈ ಬಿಗಿ ಹಿಡಿಯಿರಿ. ಒಣಗಿ ನೆನೆಯುವ ಮಣ್ಣಿಗೆ ಹೆಚ್ಚು ಸುರಿದರೆ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಏಳುತ್ತದೆ. ಬಿಸಿ ಹಿಡಿದಿಡುವುದರಲ್ಲಿ ಅದು ಮೀಥೇನಿಗಿಂತಲೂ ಬಲು ಜೋರು. ಇನ್ನು ಸವಳು ನೆಲವಾಗಿದ್ದರೆ ಈ ಪ್ರಯೋಗ ಬೇಡ, ಒಣಗಿದಾಗ ಉಪ್ಪು ಮೇಲೆ ಬರುತ್ತದೆ.

ಆದರೆ ನಿಜವಾದ ತೊಡಕು ನಿಮ್ಮ ಕೈಯಲ್ಲಿಲ್ಲ. ಸರದಿಯ ನೀರು ಮತ್ತೆ ಯಾವಾಗ ಬಂದೀತೋ ಎಂಬ ಅಂಜಿಕೆಯಿಂದಲೇ ಬಂದಾಗ ತುಂಬಿಸಿಕೊಳ್ಳುತ್ತೀರಿ. ಕಾಲುವೆಯ ಕೊನೆಭಾಗದಲ್ಲಿದ್ದರಂತೂ ಕೇಳುವುದೇ ಬೇಡ. ಸರದಿ ನಂಬುವಂತಿಲ್ಲದ ಕಡೆ ‘ಒಣಗಿಸಿ’ ಎಂದು ರೈತರಿಗೆ ಹೇಳುವುದು ಸುಲಭದ ಉಪದೇಶ. ಹಾಗಾಗಿ ಈ ಸಲ ಅರ್ಧ ಎಕರೆಯಲ್ಲಿ ಮಾತ್ರ ನೋಡಿ. ಮಗ ರಜೆಗೆ ಬಂದಾಗ ಪೈಪಿನ ಅಳತೆ ಅವನೇ ನೋಡಲಿ.