ತಪ್ಪು ಅಂತ ಗೊತ್ತಿದ್ದೂ ಎಲ್ಲರ ಜೊತೆ ಕೈ ಎತ್ತುವುದೇಕೆ?

ನಿಮ್ಮ ಪ್ರಶ್ನೆ ಇದು: ಮೀಟಿಂಗಿನಲ್ಲಿ ಲೆಕ್ಕ ತಪ್ಪಿದೆ ಅಂತ ಕಣ್ಣಿಗೆ ಹೊಡೆಯುತ್ತಿತ್ತು, ಆದರೂ ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತಿಬಿಟ್ಟೆ, ಇದು ಪುಕ್ಕಲುತನವೇ? ಸ್ವಲ್ಪ ಇರಬಹುದು. ಆದರೆ ನಿಮ್ಮ ಸ್ವಭಾವಕ್ಕಿಂತ ಆ ಮೀಟಿಂಗ್ ನಡೆಸಿದ ರೀತಿಯದ್ದೇ ಹೆಚ್ಚು ತಪ್ಪು ಎಂಬುದು ನನ್ನ ಅಭಿಪ್ರಾಯ.

1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಪರೀಕ್ಷಿಸಿದರು. ಏಳರಿಂದ ಒಂಬತ್ತು ಕಾಲೇಜು ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸಿ ಎರಡು ಕಾರ್ಡ್ ತೋರಿಸುತ್ತಿದ್ದರು. ಒಂದರಲ್ಲಿ ಒಂದೇ ಗೆರೆ, 10 ಇಂಚು. ಇನ್ನೊಂದರಲ್ಲಿ ಮೂರು ಗೆರೆ: 8¾, 10, 8 ಇಂಚು. ಸಮನಾದದ್ದು ಯಾವುದು, ಸರದಿಯಂತೆ ಬಾಯಿಬಿಟ್ಟು ಹೇಳಬೇಕು. ಮೊದಲೆರಡು ಸುತ್ತು ಎಲ್ಲರೂ ಸರಿ ಹೇಳುತ್ತಾರೆ, ಬೇಜಾರು ಬರುವಷ್ಟು ಸುಲಭ. ಮೂರನೇ ಸುತ್ತಿನಲ್ಲಿ ಮೊದಲನೆಯವನು ತಪ್ಪು ಗೆರೆ ತೋರಿಸುತ್ತಾನೆ, ಎರಡನೆಯವನೂ ಅದನ್ನೇ, ಮೂರನೆಯವನೂ ಅದನ್ನೇ. ಅವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. ನಿಜವಾಗಿ ಪರೀಕ್ಷೆಗೆ ಒಳಗಾದವನು ಒಬ್ಬನೇ, ಅವನ ಸರದಿ ಕೊನೆಯ ಹೊತ್ತಿಗೆ ಬರುತ್ತದೆ. 18 ಸುತ್ತಿನಲ್ಲಿ 12 ಹೀಗೆ.

ಒಬ್ಬರೇ ಇದ್ದಾಗ ತಪ್ಪುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಗುಂಪಿನ ಎದುರು ಅದು ಶೇ. 36.8ಕ್ಕೆ ಏರಿತು. ಇಷ್ಟನ್ನೇ ಹೇಳಿ ‘ಮನುಷ್ಯ ಕುರಿ’ ಎಂದು ಮುಗಿಸುವವರು ಬಹಳ. ಸುಮಾರು ಕಾಲುಭಾಗ ಜನ ಒಮ್ಮೆಯೂ ಬಗ್ಗಲಿಲ್ಲ ಎಂಬುದನ್ನು ಬಿಟ್ಟುಬಿಡುತ್ತಾರೆ.

ಬಗ್ಗಿದವರನ್ನು ಆಮೇಲೆ ಕೂರಿಸಿ ಕೇಳಿದಾಗ ಎರಡು ಬಗೆಯ ಉತ್ತರ ಬಂತು. ಕೆಲವರಿಗೆ ‘ಇಷ್ಟು ಜನ ಹೇಳುತ್ತಿದ್ದಾರೆ, ನನ್ನ ಕಣ್ಣಿಗೇ ಏನೋ ಆಗಿದೆ’ ಅನ್ನಿಸಿತ್ತು. ಇನ್ನು ಕೆಲವರಿಗೆ ತಪ್ಪು ಅಂತ ಗೊತ್ತಿತ್ತು, ಒಬ್ಬನೇ ಎದ್ದು ಕಾಣುವುದು ಬೇಡವಾಗಿತ್ತು. 1955ರಲ್ಲಿ ಡಾಯ್ಚ್ ಮತ್ತು ಜೆರಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ಇವೆರಡನ್ನೂ ಬೇರೆ ಬೇರೆ ಒತ್ತಡಗಳೆಂದು ವಿಂಗಡಿಸಿದರು. ನಿಮ್ಮದು ಯಾವುದು ಅಂತ ಪತ್ತೆಹಚ್ಚುವುದು ಸುಲಭ: ಕೋಣೆಯಿಂದ ಹೊರಬಿದ್ದ ಮೇಲೂ ಗುಂಪಿನ ಮಾತೇ ಸರಿ ಅನ್ನಿಸಿದರೆ ಮೊದಲನೆಯದು. ಮೆಟ್ಟಿಲಿಳಿಯುವಾಗಲೇ ‘ಛೆ, ಹೇಳಬೇಕಿತ್ತು’ ಅನ್ನಿಸಿದರೆ ಎರಡನೆಯದು. ನಿಮ್ಮ ಪ್ರಶ್ನೆ ನೋಡಿದರೆ ಎರಡನೆಯದೇ.

ಇನ್ನು ನಿಮಗೆ ಕೆಲಸಕ್ಕೆ ಬರುವ ಭಾಗ. ಆಶ್ ಪ್ರಯೋಗದಲ್ಲಿ ಬೇಕೆಂದೇ ತಪ್ಪು ಹೇಳುವವನು ಎದುರಿಗೆ ಒಬ್ಬನೇ ಇದ್ದರೆ, ಪರೀಕ್ಷೆಗೆ ಒಳಗಾದವನ ತಪ್ಪು ಶೇ. 3.6, ಇಬ್ಬರಿದ್ದರೆ 13.6, ಮೂವರಾದರೆ 31.8. ಆಮೇಲೆ ಎಷ್ಟು ಜನ ಸೇರಿಸಿದರೂ ಹೆಚ್ಚೇನೂ ಏರಲಿಲ್ಲ. ಅಂದರೆ ಒತ್ತಡ ಇರುವುದು ತಲೆಎಣಿಕೆಯಲ್ಲಲ್ಲ, ಒಮ್ಮತದಲ್ಲಿ. ಸರಿಯಾದ ಉತ್ತರ ಹೇಳುವ ಒಬ್ಬನನ್ನು ಗುಂಪಿನಲ್ಲಿ ಕೂರಿಸಿದ ಕೂಡಲೇ ಒತ್ತಡ ಕಾಲುಭಾಗಕ್ಕೆ ಇಳಿಯಿತು. ಆ ಒಬ್ಬ ಬೇರೊಂದು ತಪ್ಪು ಉತ್ತರ ಹೇಳಿದರೂ ಗುಂಪಿನ ಹಿಡಿತ ಸಡಿಲವಾಯಿತು! ಉತ್ತರವನ್ನು ಕೂಗಿ ಹೇಳುವ ಬದಲು ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ತಪ್ಪು ಬಹಳ ಕಡಿಮೆಯಾಯಿತು.

ಹಾಗಾಗಿ ಮುಂದಿನ ಮೀಟಿಂಗಿಗೆ ಧೈರ್ಯ ತಂದುಕೊಳ್ಳುವುದಕ್ಕಿಂತ ಕ್ರಮ ಬದಲಿಸುವುದು ಒಳ್ಳೆಯದು. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಎರಡು ಸಾಲು ಬರೆದು ಚೀಟಿ ಮಡಚಿಡಲಿ. ಚರ್ಚೆ ಮುಗಿದ ಮೇಲೆ ಬರೆಸಿದರೆ ಅರ್ಧ ಪ್ರಯೋಜನ ಹೋಯಿತು. ಅಷ್ಟರಲ್ಲಿ ಮೊದಲನೆಯ ಬಗೆಯ ಒತ್ತಡ ತನ್ನ ಕೆಲಸ ಮಾಡಿರುತ್ತದೆ. ಬಾಸ್ ಕೊನೆಗೆ ಮಾತಾಡಲಿ. ಪ್ರಾಚೀನ ಯಹೂದಿ ನ್ಯಾಯಸಭೆಗಳಲ್ಲಿ ಮರಣದಂಡನೆಯ ಪ್ರಕರಣ ಬಂದರೆ ಕಿರಿಯರಿಂದಲೇ ಅಭಿಪ್ರಾಯ ಕೇಳಲು ಶುರುಮಾಡಬೇಕು ಎಂಬ ಕಟ್ಟಳೆ ಇತ್ತು. ಆಶ್‌ಗಿಂತ ಎಷ್ಟೋ ಶತಮಾನ ಮೊದಲೇ ಯಾರಿಗೋ ಇದು ಹೊಳೆದಿತ್ತು. ಇಷ್ಟನ್ನು ಮಾಡಿಸುವ ಅಧಿಕಾರ ನಿಮಗಿಲ್ಲದಿದ್ದರೆ, ಹಿಂದಿನ ದಿನವೇ ಒಬ್ಬ ಸಹೋದ್ಯೋಗಿಗೆ ಲೆಕ್ಕದ ಆ ಸಾಲು ತೋರಿಸಿ ಒಪ್ಪಿಸಿಕೊಳ್ಳಿ. ಇಬ್ಬರೇ ಸಾಕು. ಸರದಿಯ ಕೊನೆಯಲ್ಲಿ ಮಾತ್ರ ಕೂರಬೇಡಿ. ಅಲ್ಲಿಗೆ ಬರುವಷ್ಟರಲ್ಲಿ ಎದುರಿಗೆ ಮೂವರು ದಾಟಿರುತ್ತಾರೆ.

‘ನಮ್ಮ ಜನರೇ ಹೀಗೆ’ ಅನ್ನುವ ಮಾತೂ ಪೂರ್ತಿ ಸುಳ್ಳಲ್ಲ. 1996ರಲ್ಲಿ ಬಾಂಡ್ ಮತ್ತು ಸ್ಮಿತ್ ಎಂಬ ಸಂಶೋಧಕರು 17 ದೇಶಗಳ ಇಂಥ 133 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸಮುದಾಯಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಬಗ್ಗುವಿಕೆ ಹೆಚ್ಚು ಕಂಡಿತು. ಆದರೆ ಓದು, ವೃತ್ತಿಯೂ ಲೆಕ್ಕಕ್ಕೆ ಬರುತ್ತವೆ: 1980ರಲ್ಲಿ ಇದೇ ಗೆರೆಯ ಪ್ರಯೋಗವನ್ನು ಮತ್ತೆ ಮಾಡಿದಾಗ ಬ್ರಿಟನ್ನಿನ ಎಂಜಿನಿಯರಿಂಗ್, ಗಣಿತ, ರಸಾಯನಶಾಸ್ತ್ರದ ವಿದ್ಯಾರ್ಥಿಗಳು 396 ಬಾರಿಯಲ್ಲಿ ಗುಂಪಿನ ತಪ್ಪಿಗೆ ಹೂಂ ಅಂದದ್ದು ಒಂದೇ ಸಲ. ಅಳತೆಯೇ ಕಸುಬಾದವರಿಗೆ ಗೆರೆ ತಪ್ಪಾಗಿ ಹೇಳುವುದು ನಾಚಿಕೆಯ ವಿಷಯ ತಾನೇ.

ಒಂದು ಎಚ್ಚರಿಕೆ. ಆಶ್ ಅವರ ಇನ್ನೊಂದು ಪ್ರಯೋಗದಲ್ಲಿ ಜೊತೆಗಿದ್ದವನು ಆರು ಸುತ್ತು ಸರಿ ಹೇಳಿ, ಆಮೇಲೆ ಗುಂಪಿನ ಕಡೆ ವಾಲಿಬಿಡುತ್ತಿದ್ದ. ಆ ಗಳಿಗೆಯಿಂದಲೇ ತಪ್ಪುಗಳು ಮತ್ತೆ ಏರಿದವು. ನೀವು ಒಪ್ಪಿಸಿಕೊಳ್ಳುವ ಸಹೋದ್ಯೋಗಿ ಬಾಸ್ ಹುಬ್ಬೇರಿಸಿದ ಕೂಡಲೇ ಗುಂಪಿನಲ್ಲಿ ಗೋವಿಂದ ಅನ್ನುವವನಾಗಿದ್ದರೆ, ಬೇರೆಯವರನ್ನು ಹುಡುಕಿ.