ಪ್ರತಿಕ್ರಿಯೆ: ಹವ್ಯಾಸಿ ಸಾಫ್ಟ್‌ಬಾಲ್‌ಗೂ ಹಾಲ್ ಆಫ್ ಫೇಮ್ ಇದೆ
ದುಡ್ಡಿಗಾಗಿ ಆಡದ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥ ಆಟ) ಆಟಗಾರರನ್ನು, ಕೋಚ್‌ಗಳನ್ನು ಯಾರಾದರೂ ಗೌರವಿಸ್ತಾರಾ ಅಂತ ಕೇಳಿದ್ದೀರಿ. ಖಂಡಿತ. ಅಮೆರಿಕದ ಹವ್ಯಾಸಿ ಸಾಫ್ಟ್‌ಬಾಲ್ ಸಂಸ್ಥೆ 1957ರಲ್ಲೇ ಹಾಲ್ ಆಫ್ ಫೇಮ್, ಅಂದರೆ ಸಾಧಕರನ್ನು ಸೇರಿಸಿ ಗೌರವಿಸುವ ಪಟ್ಟಿ, ಶುರು ಮಾಡಿತು. ಅದಿರೋದು ಒಕ್ಲಹೋಮಾ ಸಿಟಿಯಲ್ಲಿ.

ನೀವು ಮೊದಲು ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವಾಕೆ) ಜೋನ್ ಜಾಯ್ಸ್ ಬಗ್ಗೆ ಓದಿ. 1961ರಲ್ಲಿ ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ ಒಂದು ಪ್ರದರ್ಶನ. ಎದುರಿಗೆ, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದ ಬೇಸ್‌ಬಾಲ್ ದಿಗ್ಗಜ ಟೆಡ್ ವಿಲಿಯಮ್ಸ್! ಇಪ್ಪತ್ತರ ಹುಡುಗಿ ಸೊಂಟದ ಕೆಳಗಿಂದ ಕೈ ಬೀಸಿ ಎಸೆದ ಚೆಂಡು ಅವರ ಬ್ಯಾಟಿಗೆ ಸರಿಯಾಗಿ ಸಿಗಲೇ ಇಲ್ಲ. ಕೊನೆಗೆ ಬ್ಯಾಟ್ ಬಿಸಾಕಿ ಹೊರಟುಬಿಟ್ಟರು. ಜಾಯ್ಸ್‌ಗೆ ಈ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 1983ರಲ್ಲಿ. ನನಗಂತೂ ಈ ಕಥೆ ಎಷ್ಟು ಸಲ ಓದಿದರೂ ಮೈ ಜುಂ ಅನ್ನುತ್ತೆ.

ಕೋಚ್‌ಗಳಲ್ಲಿ ರಾಲ್ಫ್ ರೇಮಂಡ್ ಇದ್ದಾರೆ. 1996, 2000ರಲ್ಲಿ ಅಮೆರಿಕದ ಮಹಿಳೆಯರು ಒಲಿಂಪಿಕ್ ಚಿನ್ನ ಗೆದ್ದಾಗ ಕೋಚ್ ಅವರೇ.