ಲಾಲ್ ದೇವುಳ್ ಚರ್ಚಲ್ಲ, ಯೆಹೂದ್ಯರ ಸಿನಗಾಗ್

ಮಾನ್ಯರೇ, ಪುಣೆಯ ಕ್ಯಾಂಪ್ ಬಡಾವಣೆಯಲ್ಲಿರುವ ಲಾಲ್ ದೇವುಳ್ ಚರ್ಚೇ, ಅಲ್ಲಿಯವರು ಏಸುವನ್ನು ನಂಬುತ್ತಾರೆಯೇ ಎಂದು ಕೇಳಿದ್ದೀರಿ. ಅದು ಬಾಗ್ದಾದಿನಿಂದ ಬಂದು ನೆಲೆಸಿದ ವ್ಯಾಪಾರಿ ಡೇವಿಡ್ ಸಸೂನ್ ಕಟ್ಟಿಸಲು ತೊಡಗಿ, ಅವರು ತೀರಿಕೊಂಡ ಮೇಲೆ 1867ರಲ್ಲಿ ಪೂರ್ಣಗೊಂಡ ಒಹೆಲ್ ಡೇವಿಡ್ ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ. ಕೆಂಪು ಇಟ್ಟಿಗೆಯ ಆ ಎತ್ತರದ ಗಡಿಯಾರ ಗೋಪುರವನ್ನು ಕಂಡು ಚರ್ಚೆಂದುಕೊಳ್ಳುವುದು ಸಹಜ. ಸಸೂನರ ಸಮಾಧಿಯೂ ಅದೇ ಆವರಣದಲ್ಲಿದೆ.

ಅಬ್ರಹಾಮನನ್ನು ಯೆಹೂದ್ಯ, ಕ್ರೈಸ್ತ, ಇಸ್ಲಾಂ ಮೂರೂ ಧರ್ಮಗಳು ಮೂಲಪುರುಷನೆಂದು ಗೌರವಿಸುತ್ತವೆ. ದಾರಿ ಕವಲೊಡೆಯುವುದು ಮುಖ್ಯವಾಗಿ ಏಸುವಿನ ವಿಷಯದಲ್ಲಿ. ಏಸು ಹುಟ್ಟಿನಿಂದ ಯೆಹೂದಿಯೇ ಆಗಿದ್ದರೂ ಅವನು ಮೆಸ್ಸೀಯನಲ್ಲ, ಲೋಕವನ್ನು ಸರಿಪಡಿಸುವ ಮೆಸ್ಸೀಯ ಇನ್ನೂ ಬರಬೇಕಾಗಿದೆ ಎಂಬುದು ಸಾಂಪ್ರದಾಯಿಕ ಯೆಹೂದ್ಯರ ನಂಬಿಕೆ. ಕ್ರೈಸ್ತರಿಗೆ ಅವನೇ ಮೆಸ್ಸೀಯ, ಶಿಲುಬೆಗೇರಿ ಮತ್ತೆ ಎದ್ದ ದೇವರ ಮಗ. ಇಸ್ಲಾಂ ಅವನನ್ನು ಕನ್ಯೆ ಮರ್ಯಮಳ ಮಗ ಈಸಾ ಎಂದು, ದೊಡ್ಡ ಪ್ರವಾದಿಯೆಂದು ಮನ್ನಿಸುತ್ತದೆ, ಆದರೆ ದೇವರಿಗೆ ಮಗನಿರುವುದನ್ನು ಒಪ್ಪದೆ ಮುಹಮ್ಮದರನ್ನು ಕೊನೆಯ ಪ್ರವಾದಿ ಎನ್ನುತ್ತದೆ.

ನನಗೆ ಬಹಳ ಆಪ್ತವೆನಿಸುವುದು ಕೊಂಕಣದ ಯೆಹೂದ್ಯ ಸಮುದಾಯವಾದ ಬೆನೆ ಇಸ್ರಾಯೇಲರ ಕಥೆ: ಎಣ್ಣೆ ತೆಗೆಯುವ ಕಸುಬಿನ ಅವರು ಯೆಹೂದ್ಯರ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ (ಶನಿವಾರದ ಗಾಣಿಗರು) ಎಂದೇ ಕರೆದರು. ಲಾಲ್ ದೇವುಳಿಗೆ ಭೇಟಿ ನೀಡುವುದಾದರೆ ಮೊದಲೇ ಅನುಮತಿ ಕೇಳಿ, ಗಂಡಸರು ತಲೆ ಮುಚ್ಚಿಕೊಂಡು ಒಳಹೋಗಬೇಕು.